ಒಂದೇ ಬಲಿಪೀಠ, ಎರಡು ಸಾಲು: ಭಾರತದ ಕ್ರೈಸ್ತಸಭೆ ತನ್ನನ್ನು ತಾನು ಮರುಚಿಂತಿಸಿದ ಬಗೆ

ತಮಿಳುನಾಡಿನ ತೆಂಕಣ ತುದಿಯ ತಿರುನೆಲ್ವೇಲಿ ಜಿಲ್ಲೆಯಲ್ಲಿ ವಡಕ್ಕನ್‌ಕುಳಂ ಎಂಬ ಊರಿದೆ. ಅಲ್ಲಿ 1872ರಲ್ಲಿ ಒಂದು ಕಥೋಲಿಕ ದೇವಾಲಯವನ್ನು ವಿಚಿತ್ರವಾದ ನಕ್ಷೆಯಲ್ಲಿ ಕಟ್ಟಿದರು. ಒಂದೇ ಉದ್ದನೆಯ ಅಂಕಣದ ಬದಲು ಎರಡು ಅಂಕಣಗಳು. ಷರಾಯಿಯ ಎರಡು ಕಾಲುಗಳು ಸೊಂಟದ ಬಳಿ ಕೂಡುವ ಹಾಗೆ ಅವೆರಡೂ ಓರೆಯಾಗಿ ಬಂದು ಬಲಿಪೀಠದ ಬಳಿ ಕೂಡುತ್ತಿದ್ದವು. ಒಂದು ಕಾಲಿನಲ್ಲಿ ವೆಳ್ಳಾಳ ಜಾತಿಯವರು, ಇನ್ನೊಂದರಲ್ಲಿ ನಾಡಾರ್ ಜಾತಿಯವರು. ಬಲಿಪೂಜೆ ಅರ್ಪಿಸುವ ಗುರುಗಳು ಇಬ್ಬರಿಗೂ ಕಾಣುತ್ತಿದ್ದರು, ಅವರ ಮಾತು ಇಬ್ಬರಿಗೂ ಕೇಳುತ್ತಿತ್ತು. ಒಂದು ಕಡೆ ಮೊಣಕಾಲೂರಿದವರಿಗೆ ಇನ್ನೊಂದು ಕಡೆ ಮೊಣಕಾಲೂರಿದವರು ಮಾತ್ರ ಕಾಣುತ್ತಿರಲಿಲ್ಲ. ನಡುವಣ ಗೋಡೆಯನ್ನು ಕೆಡವಿದ್ದು 1910ರ ಹೊತ್ತಿಗೆ. ಆ ಜಗಳ ನ್ಯಾಯಾಲಯದವರೆಗೂ ಹೋಯಿತು.

ಈ ನಕ್ಷೆ ಬರೆದವರನ್ನು ಬರೀ ಜಾತಿವಾದಿಗಳೆಂದು ಬೈದು ಮುಂದೆ ಹೋಗಿಬಿಟ್ಟರೆ ವಿಷಯ ಕೈತಪ್ಪುತ್ತದೆ. ಕಿತ್ತಾಡುತ್ತಿದ್ದ ಎರಡು ಪಂಗಡಗಳಲ್ಲಿ ಯಾವುದೂ ಸಭೆ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಅವರ ಕಷ್ಟವಾಗಿತ್ತು, ಮತ್ತು ತಮ್ಮ ಲೆಕ್ಕದಲ್ಲಿ ಅವರು ಅದನ್ನು ಬಗೆಹರಿಸಿಯೂ ಇದ್ದರು. ಕ್ರೈಸ್ತಸಭೆ ಎಂದರೆ ಒಂದೇ ಬಲಿಪೀಠವನ್ನು ನೋಡುವವರ ಕೂಟ ಎಂದು ನಂಬುವುದಾದರೆ ವಡಕ್ಕನ್‌ಕುಳಂನ ನಕ್ಷೆಯಲ್ಲಿ ದೋಷವೇ ಇಲ್ಲ. ಸಭೆ ಎಂದರೆ ಒಬ್ಬರನ್ನೊಬ್ಬರು ನೋಡುವವರ ಕೂಟವೂ ಹೌದು ಎಂದು ನಂಬುವುದಾದರೆ ಅದು ದೇವಾಲಯವೇ ಅಲ್ಲ. ಸಭಾಜೀವನ ಹೇಗಿರಬೇಕು ಎಂಬ ಕಳೆದ ನೂರೈವತ್ತು ವರ್ಷಗಳ ಭಾರತೀಯ ಚರ್ಚೆಯನ್ನು ಅರ್ಥಮಾಡಿಕೊಳ್ಳಲು ಈ ಎರಡು ನಂಬಿಕೆಗಳ ನಡುವಿನ ಎಳೆದಾಟಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ಕನ್ನಡದ ಕ್ರೈಸ್ತರ ಬಾಯಲ್ಲಿ ಇದಕ್ಕೆ ಹಲವು ಪದಗಳಿವೆ. ಕಟ್ಟಡಕ್ಕೆ ಚರ್ಚು ಅಥವಾ ದೇವಾಲಯ; ಕರಾವಳಿಯ ಕಥೋಲಿಕರಿಗೆ ಪೋರ್ಚುಗೀಸಿನಿಂದ ಬಂದ ಇಗರ್ಜಿ. ಜನರ ಕೂಟಕ್ಕೆ ಪ್ರಾಟೆಸ್ಟೆಂಟರು ಸಭೆ ಎನ್ನುತ್ತಾರೆ, ಕಥೋಲಿಕರು ಧರ್ಮಸಭೆ ಎನ್ನುತ್ತಾರೆ. ಸಭಾಪಾಲಕರು, ಸಭಾ ಹಿರಿಯರು ಮುಂತಾದ ಮಾತುಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ಎಕ್ಲೇಸಿಯ ಮೊದಲು ಧಾರ್ಮಿಕ ಪದವೇ ಆಗಿರಲಿಲ್ಲ, ಊರಿನ ನಾಗರಿಕರು ಸೇರುವ ಸಭೆಗೆ ಹಾಗೆನ್ನುತ್ತಿದ್ದರು. ಆದ್ದರಿಂದ ಈ ಒಂದು ವಿಷಯದಲ್ಲಿ ಕನ್ನಡದ ಅನುವಾದ ಇಂಗ್ಲಿಷಿನದಕ್ಕಿಂತ ಮೂಲಕ್ಕೆ ಹತ್ತಿರ ನಿಂತಿದೆ. ಪೌಲನು ಪತ್ರ ಬರೆದ ಕಾಲದಲ್ಲಿ ಸಭೆಗೆ ಕಟ್ಟಡವಿರಲಿಲ್ಲ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ ವಂದನೆಗಳೆಂದು ಅವನು ಬರೆಯುತ್ತಾನೆ.

ಆ ಮನೆಸಭೆಗಳನ್ನು ಇಂದು ಅನೇಕರು ಕಳೆದುಹೋದ ಚಿನ್ನದ ಕಾಲವೆಂಬಂತೆ ನೆನೆಯುವುದುಂಟು. ಆದರೆ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯವನ್ನು ಓದಿದರೆ ಬೇರೊಂದು ಚಿತ್ರ ಸಿಗುತ್ತದೆ. ಕರ್ತನ ಭೋಜನಕ್ಕೆಂದು ಕೂಡಿದವರಲ್ಲಿ ಕೆಲವರು ತಮ್ಮ ತಮ್ಮ ಊಟವನ್ನು ಮೊದಲೇ ಮುಗಿಸಿ ಕುಡಿದು ಅಮಲೇರಿದ್ದರು, ಇಲ್ಲದವರು ಹಸಿದುಕೊಂಡೇ ಕುಳಿತಿದ್ದರು. ಪೌಲನಿಗೆ ಸಿಟ್ಟು ಬಂದದ್ದು ವಿಧಿಯಲ್ಲಿ ಆದ ಲೋಪಕ್ಕಲ್ಲ, ಇಲ್ಲದವರಿಗೆ ಆದ ಅವಮಾನಕ್ಕೆ. ಪಂಕ್ತಿಭೇದವೆಂದರೇನೆಂದು ಬಲ್ಲ ನಮ್ಮ ನಾಡಿನ ಓದುಗರಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕಡೆ ಹುಟ್ಟಿದ ಸಭೆಗಳ ಪರಿಸ್ಥಿತಿ ಕೊರಿಂಥಕ್ಕಿಂತ ತೊಡಕಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಹೆಚ್ಚು. ಕಳ್ಳು ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲವಾದ್ದರಿಂದ ದೀಕ್ಷಾಸ್ನಾನ ಪಡೆದವನು ಕಸುಬು ಕಳೆದುಕೊಳ್ಳುತ್ತಿದ್ದ. ಭೂತದ ಕೋಲಕ್ಕೆ ಹೋಗುವಂತಿರಲಿಲ್ಲವಾದ್ದರಿಂದ ಊರಿನ ವ್ಯವಹಾರದಿಂದಲೂ ಕೂಡುಕುಟುಂಬದ ಮನೆಯಿಂದಲೂ ಹೊರಬೀಳುತ್ತಿದ್ದ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣರಾಗಿದ್ದರೂ ಮನೆ, ಬಂಧುಗಳು ಎಲ್ಲವನ್ನೂ ಬಿಟ್ಟೇ ಬರಬೇಕಾಯಿತು. ಹೀಗೆ ಹೊರಬಿದ್ದವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನ್ನಿನ ಮೇಲೆಯೇ ಬಿತ್ತು. ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಬಂತು. ಇವತ್ತಿಗೂ ಮಂಗಳೂರು ಹಂಚು ಎಂದರೆ ಮಲೆನಾಡಿನವರೂ ಗುರುತಿಸುವ ಆ ಕೆಂಪು ಹಂಚು, ಜಾತಿ ಕಳೆದುಕೊಂಡವರಿಗೆ ಕೂಲಿ ಹುಡುಕುವ ತಾಪತ್ರಯದಲ್ಲಿ ರೂಪುಗೊಂಡ ವಸ್ತು.

ಇದರಿಂದ ಆದ ಉಪಕಾರ ದೊಡ್ಡದು, ಅದರ ಜತೆಗೆ ಬಂದ ತೊಡಕೂ ಸಣ್ಣದಲ್ಲ. ಸಂಬಳ ಕೊಡುವವರು, ಇರಲು ಮನೆ ಕೊಡುವವರು, ಮಕ್ಕಳಿಗೆ ಶಾಲೆ ನಡೆಸುವವರು, ಭಾನುವಾರ ಪ್ರಸಂಗ ಮಾಡುವವರು, ತಪ್ಪು ಮಾಡಿದರೆ ಸಭಾ ಶಿಸ್ತಿಗೆ ಒಳಪಡಿಸುವವರು, ಎಲ್ಲರೂ ಒಂದೇ ಮಿಶನ್ನಿನವರು. ಮಿಶನ್ ಕಾಂಪೌಂಡು ಎಂಬ ಮಾತು ದಕ್ಷಿಣ ಭಾರತದ ಕ್ರೈಸ್ತರ ನಾಲಗೆಯಲ್ಲಿ ಇಂದಿಗೂ ಉಳಿದಿದೆ, ಮತ್ತು ಅದರಲ್ಲಿ ಗೋಡೆಯ ಭದ್ರತೆ, ಗೋಡೆಯ ಇಕ್ಕಟ್ಟು ಎರಡರ ನೆನಪೂ ಇದೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಮುಂದೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಎರಡು ತಲೆಮಾರಿನಿಂದ ಒಂದೇ ಮನೆಯಂತಿದ್ದ ಕೂಲಿಯೂ ಆರಾಧನೆಯೂ ಥಟ್ಟನೆ ಬೇರೆ ಬೇರೆ ಯಜಮಾನರ ಪಾಲಾದವು. ಕರಾವಳಿಯ ಸಭೆಗಳ ಮಟ್ಟಿಗೆ ಮರುಚಿಂತನೆ ಶುರುವಾದದ್ದು ಪುಸ್ತಕದಿಂದಲ್ಲ, ಈ ಪೆಟ್ಟಿನಿಂದ.

ಕಾನೂನು ಕೂಡ ಸಭೆಯ ಆಕಾರವನ್ನು ತಿದ್ದಿತು. ಮತಾಂತರಗೊಂಡವನು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು 1850ರ ಕಾಯಿದೆ ಹೇಳಿತು. ಕ್ರೈಸ್ತರ ಮದುವೆಗೆ 1872ರಲ್ಲಿ ಬೇರೆಯೇ ಕಾಯಿದೆ ಬಂತು. ರಕ್ಷಣೆಗೆಂದು ಬಂದ ಈ ಏರ್ಪಾಡುಗಳಿಂದಾಗಿ ದೀಕ್ಷಾಸ್ನಾನವೆಂಬುದು ಒಂದು ಕಾನೂನಿನ ಖಾನೆಯಿಂದ ಇನ್ನೊಂದಕ್ಕೆ ದಾಟುವ ಕ್ರಿಯೆಯೂ ಆಯಿತು. 1932ರ ಕೋಮುವಾರು ತೀರ್ಪು ಭಾರತೀಯ ಕ್ರೈಸ್ತರಿಗೆ ಶಾಸನಸಭೆಗಳಲ್ಲಿ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟಾಗ, ಎಲ್ಲ ಜಾತಿಗಳನ್ನೂ ಮೀರಬೇಕಾಗಿದ್ದ ಸಭೆ ಜನಗಣತಿಯಲ್ಲೂ ಮತದಾರರ ಪಟ್ಟಿಯಲ್ಲೂ ಇನ್ನೊಂದು ಜಾತಿಯಾಗಿ ನಿಂತಿತು.

ಸಾಲದ್ದಕ್ಕೆ ಪಂಗಡಗಳ ಗೋಜಲು. ಒಬ್ಬರ ಕ್ಷೇತ್ರಕ್ಕೆ ಇನ್ನೊಬ್ಬರು ಕೈಹಾಕಬಾರದೆಂದು ಮಿಶನ್ನುಗಳು ಜಿಲ್ಲೆಗಳನ್ನು ಹಂಚಿಕೊಂಡಿದ್ದವು. ಆದ್ದರಿಂದ ಕನ್ನಡನಾಡಿನಲ್ಲಿ ಒಬ್ಬಾತ ಯಾವ ಬಗೆಯ ಪ್ರಾಟೆಸ್ಟೆಂಟನಾಗುತ್ತಾನೆ ಎಂಬುದನ್ನು ಅವನ ನಂಬಿಕೆಗಿಂತ ಹೆಚ್ಚಾಗಿ ಅವನ ಊರು ತೀರ್ಮಾನಿಸುತ್ತಿತ್ತು: ಮಂಗಳೂರಿನಲ್ಲಾದರೆ ಬಾಸೆಲ್ ಮಿಶನ್, ಮೈಸೂರು ತುಮಕೂರುಗಳಲ್ಲಾದರೆ ವೆಸ್ಲಿಯನ್, ಬಳ್ಳಾರಿಯಲ್ಲಾದರೆ ಲಂಡನ್ ಮಿಶನ್, ಕೋಲಾರ ಬೀದರುಗಳಲ್ಲಾದರೆ ಅಮೆರಿಕದ ಮೆಥೋಡಿಸ್ಟ್. ಹದಿನಾರು ಹದಿನೇಳನೆಯ ಶತಮಾನದಲ್ಲಿ ಯೂರೋಪಿನವರು ಆಡಿದ ಜಗಳಗಳ ಪಾಲು ಹೀಗೆ ತುಮಕೂರಿನ ರೈತನಿಗೂ ಬಂತು, ಅವನಿಗೆ ಅದರ ತಲೆಬುಡ ಗೊತ್ತಿರಲಿಲ್ಲ.

ಈ ಇಡೀ ಏರ್ಪಾಡಿನ ಮುಖಕ್ಕೆ ಕನ್ನಡಿ ಹಿಡಿದವರಲ್ಲಿ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಮುಖ್ಯರು. 1874ರಲ್ಲಿ ತಿರುನೆಲ್ವೇಲಿ ಸೀಮೆಯ ನಾಡಾರ್ ಕುಟುಂಬವೊಂದರಲ್ಲಿ ಹುಟ್ಟಿದ ಅವರಿಗೆ ವಡಕ್ಕನ್‌ಕುಳಂನ ಬಗೆಯ ಜಗಳಗಳು ದೂರದ ಸುದ್ದಿಯಾಗಿರಲಿಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಶನರಿ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣ ಸಭಿಕರನ್ನು ಕಸಿವಿಸಿಗೊಳಿಸಿತು. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿದ್ದೀರಿ, ದೇಹವನ್ನೂ ಸುಡಲು ಒಪ್ಪಿಸಿದ್ದೀರಿ, ನಮಗೆ ಪ್ರೀತಿಯೂ ಬೇಕು, ಗೆಳೆಯರನ್ನು ಕೊಡಿ ಎಂಬುದು ಅದರ ಕೊನೆಯ ಮಾತಿನ ಸಾರ. ಕೊಡುವವರು ಮತ್ತು ಪಡೆಯುವವರು ಇರುವ ಕಡೆ ಗೆಳೆತನ ಇರಲಾರದು, ಗೆಳೆತನವಿಲ್ಲದ ಕಡೆ ಸಭೆ ಇರಲಾರದು ಎಂಬ ವಾದ ಅದರಲ್ಲಿ ಅಡಗಿತ್ತು. ಎರಡು ವರ್ಷಗಳ ಬಳಿಕ, 1912ರ ಡಿಸೆಂಬರಿನಲ್ಲಿ, ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆಗಿ ತೆಲುಗು ಸೀಮೆಯ ದೋರ್ನಕಲ್‌ಗೆ ಬಂದರು.

ಅದೇ ಹೊತ್ತಿನಲ್ಲಿ ಮದರಾಸಿನಲ್ಲಿ ಇನ್ನೊಂದು ಬಗೆಯ ಚಿಂತನೆ ಬೆಳೆಯುತ್ತಿತ್ತು. ಅದಕ್ಕೆ ಹಿಂದಿನ ಬೇರುಗಳೂ ಇದ್ದವು: 1886ರಲ್ಲಿ ಪರಣಿ ಆಂಡಿ ಎಂಬ ವೈದ್ಯರು ಅಲ್ಲಿಯೇ ರಾಷ್ಟ್ರೀಯ ಸಭೆಯೊಂದನ್ನು ಕಟ್ಟಲು ಹೊರಟಿದ್ದರು, ಮರುವರ್ಷ ಕೋಲ್ಕತ್ತದಲ್ಲಿ ಕಾಳಿಚರಣ ಬ್ಯಾನರ್ಜಿ ಮತ್ತು ಸಂಗಡಿಗರು ಪಂಗಡಗಳನ್ನು ಬಿಟ್ಟು ಕ್ರಿಸ್ತೋ ಸಮಾಜವನ್ನು ಆರಂಭಿಸಿದ್ದರು. ಎರಡೂ ಹೆಚ್ಚು ಕಾಲ ಬಾಳಲಿಲ್ಲ. ಮದರಾಸಿನ ಹೊಸ ಗುಂಪಿನಲ್ಲಿ ಪುದುಕ್ಕೋಟೆ ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದ ಪಿ. ಚೆಂಚಯ್ಯ, ವಕೀಲರೂ ಕಾರ್ಮಿಕ ನಾಯಕರೂ ಆಗಿದ್ದ ವಿ. ಚಕ್ಕರೈ ಮೊದಲಾದವರಿದ್ದರು. 1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಅಂತಾರಾಷ್ಟ್ರೀಯ ಮಿಶನರಿ ಮಂಡಳಿಯ ದೊಡ್ಡ ಸಮ್ಮೇಳನ ನಡೆಯಿತು. ಕ್ರಿಸ್ತನಲ್ಲಾದ ದೈವಪ್ರಕಟಣೆಗೂ ಬೇರೆ ಧರ್ಮಗಳಿಗೂ ನಡುವೆ ನೇರ ಮುಂದುವರಿಕೆಯಿಲ್ಲವೆಂದು ವಾದಿಸಿ ಅದಕ್ಕೆಂದೇ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಬರೆದ ಗ್ರಂಥಕ್ಕೆ ಉತ್ತರವಾಗಿ ಈ ಗುಂಪು ಭಾರತದಲ್ಲಿ ಕ್ರೈಸ್ತಧರ್ಮದ ಮರುಚಿಂತನೆ ಎಂಬರ್ಥದ ಶೀರ್ಷಿಕೆಯ ಪ್ರಬಂಧ ಸಂಕಲನವನ್ನು ಅದೇ ವರ್ಷ ಹೊರತಂದಿತು. ಅಂದಿನಿಂದ ಇವರಿಗೆ ಮರುಚಿಂತನೆಯ ಗುಂಪು ಎಂಬ ಹೆಸರೇ ನಿಂತಿತು.

ಅವರ ವಾದವನ್ನು ಸರಳವಾಗಿ ಹೇಳುವುದಾದರೆ ಹೀಗಿದೆ. ಯೇಸು ಸಾರಿದ್ದು ದೇವರ ರಾಜ್ಯವನ್ನು. ಸಭೆಯೆಂಬ ಸಂಸ್ಥೆ, ಅದರ ಪದವಿಗಳು, ವಿಶ್ವಾಸಪ್ರಮಾಣಗಳು, ಆಸ್ತಿಪಾಸ್ತಿ ಎಲ್ಲವೂ ಆ ಮೇಲೆ ಬೆಳೆದವು. ಬೆಳೆದದ್ದರಲ್ಲಿ ತಪ್ಪಿಲ್ಲ, ಆದರೆ ಯೂರೋಪಿನಲ್ಲಿ ಬೆಳೆದ ಮರವನ್ನು ಬೇರುಸಹಿತ ಕಿತ್ತು ತಂದು ಇಲ್ಲಿ ನೆಟ್ಟು ಇದೇ ಸುವಾರ್ತೆ ಎನ್ನುವುದು ತಪ್ಪು. ಚೆಂಚಯ್ಯನವರಿಗೆ ಕ್ರಿಸ್ತನೆಂದರೆ ಮನುಷ್ಯಕುಲದಲ್ಲಿ ಆದ ಹೊಸ ಸೃಷ್ಟಿ. ಆ ಸೃಷ್ಟಿಯಲ್ಲಿ ಪಾಲುಗೊಳ್ಳಲು ಹಿಂದೂ ಮನೆಯಲ್ಲಿ ಹುಟ್ಟಿದವನು ತನ್ನ ಜನರನ್ನೂ ಪರಂಪರೆಯನ್ನೂ ತೊರೆದು ಮಿಶನ್ ಕಾಂಪೌಂಡಿಗೆ ಹೋಗಲೇಬೇಕೆಂಬುದನ್ನು ಅವರು ಒಪ್ಪಲಿಲ್ಲ. ತಾಂಬರಂ ಸಮ್ಮೇಳನ ಸಭೆಯನ್ನು ನಡುವೆ ಇಟ್ಟು ಮಾತಾಡಿದಷ್ಟೂ ಇವರಿಗೆ ಅದು ದಿಕ್ಕುತಪ್ಪಿದ ಮಾತೆನಿಸಿತು.

ಸಂಸ್ಥೆ ಬೇಡವೆಂದರೆ ಏನು ಬೇಕು ಎಂಬ ಪ್ರಶ್ನೆಗೆ ಅವರ ಬಳಿ ಒಂದು ಜೀವಂತ ಉತ್ತರವಿತ್ತು. ಆ ಸಂಕಲನದ ಲೇಖಕರಲ್ಲಿ ಒಬ್ಬರಾದ ಡಾಕ್ಟರ್ ಎಸ್. ಜೇಸುದಾಸನ್ ಮತ್ತು ಸ್ಕಾಟ್ಲೆಂಡಿನ ಡಾಕ್ಟರ್ ಅರ್ನೆಸ್ಟ್ ಫಾರೆಸ್ಟರ್ ಪೇಟನ್ 1921ರಲ್ಲಿ ತಿರುಪತ್ತೂರಿನಲ್ಲಿ ಕ್ರಿಸ್ತಕುಲ ಆಶ್ರಮವನ್ನು ಕಟ್ಟಿದ್ದರು. ಖಾದಿ ಉಡುಗೆ, ಒಟ್ಟಿಗೆ ನೆಲದ ಮೇಲೆ ಕುಳಿತು ಸಸ್ಯಾಹಾರದ ಊಟ, ಬಡವರಿಗೆ ಆಸ್ಪತ್ರೆ, ದ್ರಾವಿಡ ಶೈಲಿಯ ಗೋಪುರವಿರುವ ಪ್ರಾರ್ಥನಾಲಯ. ಬಿಳಿಯನೂ ಭಾರತೀಯನೂ ಸಮಾನವಾಗಿ, ಸಂಬಳವಿಲ್ಲದೆ, ಒಂದೇ ಸೂರಿನಡಿ ಬಾಳಿದ ಕಡೆ ಅಜರಯ್ಯ ಕೇಳಿದ ಗೆಳೆತನ ಕಣ್ಣಿಗೆ ಕಾಣುವಂತಿತ್ತು.

ಇಷ್ಟಾದರೂ ಆಶ್ರಮ ಸಭೆಗೆ ಬದಲಿಯಾಗಬಲ್ಲದೇ ಎಂಬಲ್ಲಿ ನನಗೆ ಅನುಮಾನ. ಕ್ರಿಸ್ತಕುಲದ ಸ್ಥಾಪಕರು ಬ್ರಹ್ಮಚಾರಿಗಳು. ಮಕ್ಕಳ ಶಾಲೆ, ಮಗಳ ಮದುವೆ, ತಂದೆಯ ಶವಸಂಸ್ಕಾರ ಮುಂತಾದ ಸಂಸಾರದ ಭಾರ ಆ ಮಾದರಿಯ ಮೇಲೆ ಬೀಳಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಮರುಚಿಂತನೆಯ ಗುಂಪಿನವರು ನ್ಯಾಯಾಧೀಶರು, ವಕೀಲರು, ಪ್ರಾಧ್ಯಾಪಕರು. ಅವರಿಗೆ ಊರಿನಲ್ಲಿ ಹೆಸರಿತ್ತು, ಓದು ಇತ್ತು, ಮನೆಯಿತ್ತು; ಸಭೆ ಇರದಿದ್ದರೂ ಅವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ಹೊತ್ತಿನಲ್ಲಿ ದೋರ್ನಕಲ್‌ನ ಹಳ್ಳಿಗಳಲ್ಲಿ ಸಭೆಗೆ ಸೇರುತ್ತಿದ್ದವರು ಬಹುಪಾಲು ಮಾಲರು ಮತ್ತು ಮಾದಿಗರು. ಗುಡಿಯ ಹೊಸಿಲು ದಾಟಲಾಗದವನಿಗೆ ತನ್ನ ಹಟ್ಟಿಯಲ್ಲೇ ತಾನು ಕಾಲಿಡಬಹುದಾದ, ಮಕ್ಕಳು ಅಕ್ಷರ ಕಲಿಯಬಹುದಾದ, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ತನ್ನ ಹೆಸರು ಮರ್ಯಾದೆಯಿಂದ ಬರೆಯಲ್ಪಡುವ ಒಂದು ಸಣ್ಣ ಮಣ್ಣಿನ ಕಟ್ಟಡ ಸಿಕ್ಕಿತು. ಅಂಥವನ ಬಳಿ ಹೋಗಿ ಸಂಸ್ಥೆ ಮುಖ್ಯವಲ್ಲ, ನಿನ್ನ ಸಮುದಾಯದಲ್ಲೇ ಇದ್ದುಕೊಂಡು ಕ್ರಿಸ್ತನನ್ನು ಅನುಭವಿಸು ಎಂದರೆ ಅವನು ಯಾವ ಸಮುದಾಯವೆಂದು ಕೇಳಿಯಾನು. ಸಂಸ್ಥೆಯನ್ನು ಕಳಚಿಡುವ ಮಾತು ಬೇರೆ ಆಸರೆ ಇರುವವರಿಗೆ ಹಗುರ.

ಅಜರಯ್ಯನವರ ಸಭಾಜೀವನದ ಕಲ್ಪನೆ ಈ ಹಳ್ಳಿಗಳಲ್ಲೇ ರೂಪುಗೊಂಡಿತು. ಪಾದ್ರಿಗಳ ಸಂಬಳಕ್ಕೆ ವಿದೇಶದ ಹಣ ಕಾಯದೆ ಕಾಳು, ಕೋಳಿ, ಮೊಟ್ಟೆಗಳ ಕಾಣಿಕೆಯಿಂದ ಸಭೆಯನ್ನು ನಡೆಸಬೇಕೆಂಬುದು ಅವರ ಹಟ. ಹಾಡು, ಕೋಲಾಟ, ಮೆರವಣಿಗೆಗಳನ್ನು ಆರಾಧನೆಗೆ ತಂದರು. 1939ರಲ್ಲಿ ಪೂರ್ತಿಯಾದ ದೋರ್ನಕಲ್‌ನ ಕೆಥೆಡ್ರಲಿನಲ್ಲಿ ಗುಮ್ಮಟ, ಮಿನಾರು, ದೇವಸ್ಥಾನದ ಕಂಬಗಳ ರೂಪ ಮೂರೂ ಇವೆ. ಕಾಳು ಕೋಳಿಗಳ ಆ ಕಾಣಿಕೆಯ ಒಂದು ರೂಪ ನಮ್ಮಲ್ಲೂ ಉಳಿದಿದೆ. ಕರ್ನಾಟಕದ ಅನೇಕ ಸಭೆಗಳಲ್ಲಿ ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ನಡೆಯುತ್ತದೆ: ಯಾರದೋ ಹಿತ್ತಲಿನ ಬಾಳೆಗೊನೆ, ಯಾರೋ ಮನೆಯಲ್ಲಿ ಮಾಡಿದ ಕೇಕು, ಕಾಲು ಕಟ್ಟಿದ ಹುಂಜ. ಸಂತೆಯ ಬೆಲೆಯ ಮೂರು ನಾಲ್ಕು ಪಟ್ಟಿಗೆ ಕೂಗಿ ಕೊಂಡವರು ಅದನ್ನು ಮತ್ತೆ ಹರಾಜಿಗೇ ಬಿಟ್ಟುಕೊಡುವುದೂ ಉಂಟು. ನಗೆ, ಕೂಗಾಟ, ಕೀಟಲೆಗಳ ನಡುವೆ ಸಭೆಯ ವರ್ಷದ ಖರ್ಚಿಗೆ ಒಂದಿಷ್ಟು ಹಣವೂ ಕೂಡುತ್ತದೆ. ಸಭೆಯೆಂದರೇನೆಂದು ನನ್ನನ್ನು ಕೇಳಿದರೆ ದೇವತಾಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಈ ಅಂಗಳವನ್ನು ತೋರಿಸಿಯೇನು, ಆದರೆ ಕೂಗುವವರು ಯಾರು, ಸುಮ್ಮನೆ ನೋಡುತ್ತ ನಿಂತವರು ಯಾರು ಎಂಬುದನ್ನೂ ಗಮನಿಸಲು ಹೇಳುವೆ.

ಪಂಗಡಗಳ ಗೋಜಲಿಗೆ ಪರಿಹಾರ ಹುಡುಕುವ ಕೆಲಸ 1919ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಶುರುವಾಯಿತು. ಅಲ್ಲಿ ಸೇರಿದ್ದ ಪಾದ್ರಿಗಳು, ಅವರಲ್ಲಿ ಬಹುತೇಕ ಎಲ್ಲರೂ ಭಾರತೀಯರು, ಇವು ನಾವು ಮಾಡಿಕೊಂಡ ಭೇದಗಳಲ್ಲ, ನಮ್ಮ ಮೇಲೆ ಹೊರಿಸಿದವು ಎಂದು ಸಾರಿದರು. ಆದರೂ ಒಂದಾಗಲು 28 ವರ್ಷ ಹಿಡಿಯಿತು. ದೊಡ್ಡ ಗಂಟು ಬಿಷಪ್ಪರದು. ಬಿಷಪ್ಪರ ಕೈಯಿಂದ ಅಭಿಷಿಕ್ತರಾಗದ ಪಾದ್ರಿ ನಡೆಸುವ ಪ್ರಭುಭೋಜನವನ್ನು ಆಂಗ್ಲಿಕನ್ನರು ಒಪ್ಪುತ್ತಿರಲಿಲ್ಲ. ನಮಗೆ ಇನ್ನೊಮ್ಮೆ ಅಭಿಷೇಕವಾಗಬೇಕೆಂದರೆ ಈವರೆಗಿನ ನಮ್ಮ ಸೇವೆ ಸುಳ್ಳೇ ಎಂದು ಉಳಿದವರು ಕೇಳುತ್ತಿದ್ದರು. ಕೊನೆಗೆ ಕಂಡುಕೊಂಡ ದಾರಿ ಜಾಣತನದ್ದು: ಈಗಾಗಲೇ ಪಾದ್ರಿಗಳಾಗಿರುವವರನ್ನೆಲ್ಲ ಮರು ಅಭಿಷೇಕವಿಲ್ಲದೆ ಹಾಗೆಯೇ ಒಪ್ಪಿಕೊಳ್ಳುವುದು, ಮುಂದಿನ ಅಭಿಷೇಕಗಳೆಲ್ಲ ಬಿಷಪ್ಪರಿಂದಲೇ ಆಗುವುದು, ಹೀಗೆ 30 ವರ್ಷ ನಡೆದ ಮೇಲೆ ಮುಂದಿನದನ್ನು ತೀರ್ಮಾನಿಸುವುದು. ಕಾಲವೇ ಗಂಟು ಬಿಚ್ಚಲಿ ಎಂದು ಬಿಟ್ಟ ಹಾಗೆ. 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳಿಗೆ, ಮದರಾಸಿನ ಸಂತ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ವೆಸ್ಲಿಯನ್ ಮೆಥೋಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಹಿನ್ನೆಲೆಯವರು ಹೀಗೆ ಒಂದಾದದ್ದು ಲೋಕದಲ್ಲಿ ಅದೇ ಮೊದಲು. ಅಜರಯ್ಯ ಅದನ್ನು ನೋಡಲಿಲ್ಲ. ಅವರು 1945ರ ಜನವರಿ ಒಂದರಂದು ತೀರಿಕೊಂಡಿದ್ದರು. ಅಮೆರಿಕದ ಮೆಥೋಡಿಸ್ಟರು ಹೊರಗೇ ಉಳಿದರು, ಆದ್ದರಿಂದಲೇ ಕೋಲಾರ ಬೀದರುಗಳಲ್ಲಿ ಇಂದಿಗೂ ಮೆಥೋಡಿಸ್ಟ್ ಫಲಕಗಳು ಕಾಣುತ್ತವೆ.

ಈ ಐಕ್ಯದ ಆಡಳಿತದ ವಿವರಗಳಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 1950ರಲ್ಲಿ ಅದು ರೂಪಿಸಿಕೊಂಡ ಪ್ರಭುಭೋಜನದ ಆರಾಧನಾಕ್ರಮ. ಅದರಲ್ಲಿ ಪಾದ್ರಿ ಜನರಿಗೆ ಬೆನ್ನು ತೋರಿಸದೆ ಮೇಜಿನ ಹಿಂದೆ ನಿಂತು ಜನರತ್ತ ಮುಖ ಮಾಡುತ್ತಾರೆ. ರೊಟ್ಟಿ ದ್ರಾಕ್ಷಾರಸಗಳನ್ನು ತರುವ ಮುನ್ನ ಸಮಾಧಾನವನ್ನು ಹಂಚಿಕೊಳ್ಳುವ ವಿಧಿಯೊಂದಿದೆ. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಪ್ರಾಚೀನ ಕಾಲದಿಂದ ಉಳಿದಿದ್ದ ಪದ್ಧತಿಯಿಂದ ಇದನ್ನು ತೆಗೆದುಕೊಂಡರು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ, ಆಮೇಲೆ ಇಬ್ಬರೂ ತಮ್ಮ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಮೇಜಿನಿಂದ ಹೊರಟ ಆ ಸ್ಪರ್ಶ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ದಾಟಿ ಬಾಗಿಲ ಬಳಿ ಕುಳಿತವರನ್ನು ಮುಟ್ಟಬೇಕು. ಮುಟ್ಟಬಾರದೆಂಬ ಕಟ್ಟಳೆಯ ಮೇಲೆ ನಿಂತ ಸಮಾಜದಲ್ಲಿ ಅಂಗೈಗೆ ಅಂಗೈ ತಾಗಿಸುವ ವಿಧಿಯನ್ನು ಆರಾಧನೆಯ ಹೃದಯದಲ್ಲಿಟ್ಟದ್ದು ವಡಕ್ಕನ್‌ಕುಳಂನ ನಕ್ಷೆಗೆ ಕೊಟ್ಟ ನೇರವಾದ ಉತ್ತರದಂತೆ ಕಾಣುತ್ತದೆ. ಈಗ ಹಲವು ಕಡೆ ಜನ ನಿಂತಲ್ಲೇ ತಿರುಗಿ ಕೈಮುಗಿದು ಮುಗಿಸಿಬಿಡುತ್ತಾರೆ. ನಮಸ್ಕಾರ ಭಾರತೀಯವೇ ನಿಜ, ಆದರೆ ಮುಟ್ಟದೆಯೇ ಮಾಡಬಹುದಾದ್ದು.

ಮರುಚಿಂತನೆಯ ಗುಂಪಿನ ಪ್ರಶ್ನೆ 1971ರ ಸುಮಾರಿಗೆ ಬೆಂಗಳೂರಿನಲ್ಲಿ ಮತ್ತೆ ಎದ್ದಿತು. ಇಲ್ಲಿನ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯನ್ನು ನಡೆಸುತ್ತಿದ್ದ ಎಂ. ಎಂ. ಥಾಮಸ್, ಕ್ರಿಸ್ತನಲ್ಲಿ ನೆಲೆಗೊಂಡ ಸಹವಾಸ ಕ್ರೈಸ್ತಕೋಮಿನ ಗಡಿಯನ್ನು ಮೀರಬಹುದು, ಹಿಂದೂ ಸಮಾಜದೊಳಗೇ ಅದು ಇರಬಹುದು ಎಂದರು. ದಕ್ಷಿಣ ಭಾರತ ಸಭೆಯ ಮೊದಲ ಬಿಷಪ್ಪರಲ್ಲಿ ಒಬ್ಬರಾದ ಲೆಸ್ಲೀ ನ್ಯೂಬಿಗಿನ್ ಒಪ್ಪಲಿಲ್ಲ. ತನ್ನ ಜಾತಿ ತನ್ನ ಕುಟುಂಬದೊಳಗೇ ಇದ್ದುಕೊಂಡು ಕ್ರಿಸ್ತನನ್ನು ನಂಬುವವನು, ತಾನು ಆರಿಸಿಕೊಳ್ಳದ ಬೇರೆ ಜಾತಿಯ ಕ್ರೈಸ್ತನ ಜತೆ ಕೂಡಿ ಊಟಕ್ಕೆ ಕೂರುವ ಒತ್ತಾಯದಿಂದ ಪಾರಾಗಿಬಿಡುತ್ತಾನಲ್ಲ ಎಂಬುದು ಅವರ ಆಕ್ಷೇಪದ ತಿರುಳೆಂದು ನಾನು ತಿಳಿಯುತ್ತೇನೆ. ಇಬ್ಬರೂ ಸ್ನೇಹಿತರು, ವಾದ ಪತ್ರಗಳಲ್ಲಿ ಸಭ್ಯವಾಗಿಯೇ ನಡೆಯಿತು. ಥಾಮಸ್ ಕೇಳಿದ್ದು ಹೊರಗಿನ ಗೋಡೆಯ ಬಗ್ಗೆ, ನ್ಯೂಬಿಗಿನ್ ಕೇಳಿದ್ದು ಒಳಗಿನ ಊಟದ ಬಗ್ಗೆ. ಒಂದಕ್ಕೆ ಉತ್ತರ ಸಿಕ್ಕಿದ ಮಾತ್ರಕ್ಕೆ ಇನ್ನೊಂದು ಇತ್ಯರ್ಥವಾಗುವುದಿಲ್ಲ.

ಕಥೋಲಿಕರಲ್ಲಿ ಬದಲಾವಣೆ ಮೇಲಿನಿಂದ ಬಂತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ದೇವರ ಪ್ರಜೆಗಳೆಂದು ಬಣ್ಣಿಸಿತು. ಲ್ಯಾಟಿನ್ ಭಾಷೆಯ ಪೂಜೆ ಜನರ ನುಡಿಗೆ ಬಂತು. ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸ್ ನಡೆಸುತ್ತಿದ್ದ ರಾಷ್ಟ್ರೀಯ ಕೇಂದ್ರದ ಮುತುವರ್ಜಿಯಿಂದ, ನೆಲದ ಮೇಲೆ ಕೂರುವುದು, ಅಂಜಲಿ ಮುದ್ರೆ, ಆರತಿ, ಮೇಣದ ಬತ್ತಿಯ ಬದಲು ಎಣ್ಣೆದೀಪ ಮೊದಲಾದ 12 ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ಸಿಕ್ಕಿತು. ಭಾರತೀಯವಾಗಬೇಕೆಂಬ ಹಂಬಲ ಪ್ರಾಮಾಣಿಕವೇ. ಆದರೆ ದಲಿತ ಕ್ರೈಸ್ತರು ಬೇಗನೆ ಒಂದು ಪ್ರಶ್ನೆ ಎತ್ತಿದರು: ಯಾರ ಭಾರತ? ಆರತಿಯೂ ಸಂಸ್ಕೃತ ಮಂತ್ರವೂ ಆಶ್ರಮದ ಕಾವಿಯೂ ತಮ್ಮ ಹಿರಿಯರನ್ನು ಹೊರಗಿಟ್ಟ ಗುಡಿಗಳಿಂದ ಬಂದವು. ತಮ್ಮ ತಮಟೆಗೆ ಆ 12 ಅಂಶಗಳಲ್ಲಿ ಜಾಗವಿರಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರವೆಂಬ ಧಾರೆ ಹೊರಟಿತು. ಭಾರತೀಯ ಕ್ರೈಸ್ತ ಚಿಂತನೆ ಈವರೆಗೆ ಬ್ರಾಹ್ಮಣ ಪರಂಪರೆಯೊಡನೆ ಮಾತ್ರ ಮಾತಾಡುತ್ತ ಬಂದಿದೆ, ತನ್ನದೇ ಸಭೆಯ ಬಹುಸಂಖ್ಯಾತರೊಡನೆ ಮಾತಾಡಿಲ್ಲ ಎಂಬುದು ಅದರ ದೂರು. ಚೆಂಚಯ್ಯನವರ ಗುಂಪಿಗೂ ಆಶ್ರಮಗಳಿಗೂ ಆರತಿಗೂ ಒಟ್ಟಿಗೇ ತಗುಲುವ ದೂರು ಇದು.

ದೂರಿಗೆ ಆಧಾರವಿಲ್ಲವೆಂದು ಸಭೆಗಳೂ ಈಗ ಹೇಳುವುದಿಲ್ಲ. ಭಾರತದ ಕಥೋಲಿಕ ಬಿಷಪ್ಪರ ಸಮ್ಮೇಳನ 2016ರಲ್ಲಿ ಹೊರತಂದ ದಲಿತ ನೀತಿಯಲ್ಲಿ, ತನ್ನ ಸದಸ್ಯರಲ್ಲಿ ಹೆಚ್ಚಿನವರು ದಲಿತರಾಗಿದ್ದರೂ ಮುಂದಾಳುತನದಲ್ಲಿ ಅವರು ಕೆಲವೇ ಕೆಲವರೆಂದು ತಾನೇ ಒಪ್ಪಿಕೊಂಡಿತು. ತಮಿಳುನಾಡಿನ ಕೆಲವು ಊರುಗಳ ಕ್ರೈಸ್ತ ಸ್ಮಶಾನಗಳೊಳಗೆ ಜಾತಿಯ ಗೋಡೆಗಳಿರುವುದು ಮತ್ತೆ ಮತ್ತೆ ಸುದ್ದಿಯಾಗಿದೆ. ಪ್ರಾಟೆಸ್ಟೆಂಟರ ಕಡೆ ಮಿಶನ್ನುಗಳು ಬಿಟ್ಟುಹೋದ ಜಮೀನು, ಶಾಲೆ, ಆಸ್ಪತ್ರೆಗಳ ಆಡಳಿತಕ್ಕಾಗಿ ನಡೆಯುವ ಚುನಾವಣೆಗಳಲ್ಲಿ ಜಾತಿ ಉಪಜಾತಿಗಳ ಲೆಕ್ಕಾಚಾರ ಯಾವ ಪಂಚಾಯಿತಿಗೂ ಕಡಿಮೆಯಿಲ್ಲ. ಇದರಿಂದ ಬೇಸತ್ತ ನಗರದ ಯುವಕರು ಮನೆಗಳಲ್ಲಿ ಕೂಡುವ ಸಣ್ಣ ಪ್ರಾರ್ಥನಾಕೂಟಗಳತ್ತ ಹೋಗುತ್ತಿದ್ದಾರೆ, ಮತ್ತು ಅಕ್ವಿಲ ಪ್ರಿಸ್ಕಿಲ್ಲರ ಮನೆಯನ್ನು ನೆನೆಯುತ್ತಾರೆ. ಆತ್ಮೀಯತೆ ಅಲ್ಲಿ ಖಂಡಿತ ಸಿಗುತ್ತದೆ. ಆದರೆ ಗೆಳೆಯರ ಬಳಗದಿಂದ ಬೆಳೆದ ಕೂಟದಲ್ಲಿ ಕೂರುವವರು ಒಂದೇ ಓದಿನ, ಒಂದೇ ವರಮಾನದ, ಎಷ್ಟೋ ಸಲ ಒಂದೇ ಜಾತಿಯ ಜನ. ಅಲ್ಲಿ ಇನ್ನೊಂದು ಅಂಕಣವನ್ನು ಕಟ್ಟುವ ಅಗತ್ಯವೇ ಬೀಳುವುದಿಲ್ಲ.

ಸರ್ಕಾರದ ಕಾಗದಪತ್ರಗಳಲ್ಲಿ ಈ ವಿಷಯ ಇನ್ನೂ ಬಿಡಿಸದ ಒಗಟಾಗಿಯೇ ಇದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ, ಕೆಲವು ಸಿಖ್ ಜಾತಿಗಳನ್ನು ಬಿಟ್ಟರೆ, ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಉಳಿದ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಇಲ್ಲ. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಾದರೆ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತವರಿಗೆ ಎರಡು ಸಾಲು. ಪರಿಶಿಷ್ಟ ಜಾತಿಯ ಮಾನ್ಯತೆ ಕೋರಿದ ಅರ್ಜಿಗಳು 2004ರಲ್ಲೇ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದವು, 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಈ ಅರ್ಜಿಗಳ ಪರವಾಗಿ ನಿಲ್ಲುವ ಸಭೆಗಳು ನ್ಯಾಯಪೀಠದ ಮುಂದೆ ರುಜುವಾತುಪಡಿಸಬೇಕಾದ ಸಂಗತಿ ಒಂದೇ: ದೀಕ್ಷಾಸ್ನಾನವಾಗಿ ಮೂರು ನಾಲ್ಕು ತಲೆಮಾರು ಕಳೆದ ಮೇಲೂ ತಮ್ಮ ಬೆಂಚುಗಳ ನಡುವೆ, ತಮ್ಮ ಸ್ಮಶಾನಗಳೊಳಗೆ, ತಮ್ಮ ಮದುವೆಯ ಮಾತುಕತೆಗಳಲ್ಲಿ ಜಾತಿ ಇದೆ ಎಂಬುದು. ಭಾನುವಾರದ ಪ್ರಸಂಗದಲ್ಲಿ ಇಲ್ಲವೆಂದು ಹೇಳಿದ್ದನ್ನೇ ಸೋಮವಾರ ಪ್ರಮಾಣಪತ್ರದಲ್ಲಿ ಇದೆಯೆಂದು ಬರೆದು ಸಹಿ ಹಾಕಬೇಕು.